ಕಲಬುರಗಿ ಬಿಸಿಲಲ್ಲಿ ಕ್ರೋಶಾ: ದಾರ, ಅಳತೆ, ಕೂಲಿಯ ಲೆಕ್ಕ

ಮೊಬೈಲ್ ತೆರೆದರೆ 499 ರೂಪಾಯಿಗೆ ‘ಕ್ರೋಶಾ ಟಾಪ್’ ಕಾಣುತ್ತದೆ. ಒಂದೋ ಅದು ಕ್ರೋಶಾ ಅಲ್ಲ, ಇಲ್ಲವೇ ಅದನ್ನು ಹೆಣೆದವರಿಗೆ ನ್ಯಾಯವಾದ ಕೂಲಿ ಸಿಕ್ಕಿಲ್ಲ. ಎರಡು ಕಡ್ಡಿಯ ಹೆಣಿಗೆಗೆ ಯಂತ್ರ ಬಂದು ನಾಲ್ಕು ಶತಮಾನ ದಾಟಿದೆ. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಆದರೆ ಒಂದೇ ಕೊಕ್ಕೆಕಡ್ಡಿಯಿಂದ ಹೆಣೆಯುವ ಕ್ರೋಶಾವನ್ನು ಕಾರ್ಖಾನೆಯಲ್ಲಿ ತೆಗೆಯುವ ಯಂತ್ರ ಇವತ್ತಿಗೂ ಇಲ್ಲ. ಕ್ರೋಶಾದಲ್ಲಿ ಒಂದೊಂದು ಕುಣಿಕೆಯನ್ನೂ ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು, ಕಡ್ಡಿ ಹೆಣೆದ ಬಟ್ಟೆಯ ಯಾವ ಜಾಗಕ್ಕಾದರೂ ತಿರುಗಿ ನುಗ್ಗಬೇಕು. ಈ ಚಲನೆಯನ್ನು ಅಗ್ಗದಲ್ಲಿ ಮಾಡಿಸಲು ಯಾರಿಗೂ ಆಗಿಲ್ಲ. ‘ಕ್ರೋಶೆ ಮಷಿನ್’ ಎಂಬ ಹೆಸರಿನ ಯಂತ್ರಗಳು ಇವೆ. ಅವು ಲೇಸು, ಎಲಾಸ್ಟಿಕ್ ಪಟ್ಟಿ ತೆಗೆಯುತ್ತವೆ, ಹೆಣಿಗೆಯ ಜಾತಿಯೇ ಬೇರೆ.

ಕ್ರೋಶಾ ಮತ್ತು ಕೈಹೆಣಿಗೆಯ ಈಗಿನ ಅಲೆ ಎದ್ದದ್ದು 2020ರಲ್ಲಿ. ಆ ಫೆಬ್ರುವರಿಯಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್ ಬಣ್ಣಬಣ್ಣದ ಚೌಕಗಳನ್ನು ಜೋಡಿಸಿದ ಹೆಣಿಗೆಯ ಕಾರ್ಡಿಗನ್ ತೊಟ್ಟು ಅಮೆರಿಕದ ಒಂದು ಟಿವಿ ಕಾರ್ಯಕ್ರಮದ ತಾಲೀಮಿಗೆ ಬಂದರು. ಲಾಕ್‌ಡೌನ್‌ನಲ್ಲಿ ಮನೆ ಸೇರಿದ್ದ ಹುಡುಗ ಹುಡುಗಿಯರು ಅದನ್ನು ನೋಡಿ ತಾವೇ ಹೆಣೆಯತೊಡಗಿದರು. ಜುಲೈ ಹೊತ್ತಿಗೆ ಆ ಉಡುಪು ಮಾಡಿದ ಜೆಡಬ್ಲ್ಯು ಆಂಡರ್ಸನ್ ಕಂಪನಿ ಹೆಣೆಯುವ ವಿಧಾನವನ್ನೇ ಪುಕ್ಕಟೆ ಬಿಟ್ಟುಕೊಟ್ಟಿತು; ಆಮೇಲೆ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಕಾರ್ಡಿಗನ್ ಅನ್ನು ಸಂಗ್ರಹಕ್ಕೆ ಸೇರಿಸಿಕೊಂಡಿತು. ಮರುವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಚಿನ್ನ ಗೆದ್ದ ಟಾಮ್ ಡೇಲಿ ಪ್ರೇಕ್ಷಕರ ನಡುವೆ ಕೂತು ಕಡ್ಡಿ ಆಡಿಸುತ್ತಿದ್ದುದನ್ನು ಜಗತ್ತೇ ನೋಡಿತು.

ಕಲಬುರಗಿ, ಬೀದರ್, ಯಾದಗಿರಿ ಕಡೆ ಆ ಅಲೆ ರೀಲ್ಸ್ ಮೂಲಕ ಬಂತು, ಬಂದಾಗ ಅದಕ್ಕೆ ಇಲ್ಲಿಯ ನೆನಪುಗಳೂ ಅಂಟಿಕೊಂಡವು. ಟಿವಿ ಮೇಲಿನ ಬಿಳಿ ಜಾಳಿಗೆ ಹೊದಿಕೆ, ಮಣಿ ಸೇರಿಸಿ ಹೆಣೆದ ಬಾಗಿಲ ತೋರಣ, ಬಾಣಂತಿ ಕಿವಿಗೆ ಸುತ್ತಿಕೊಳ್ಳುವ ಉಲ್ಲನ್ ಸ್ಕಾರ್ಫ್, ತೊಟ್ಟಿಲ ಕಾರ್ಯಕ್ಕೆ ತರುವ ಕುಲಾವಿ ಮತ್ತು ಕಾಲುಚೀಲದ ಜೋಡಿ. ನಮಾಜಿಗೆ ಹಾಕುವ ಜಾಲಿ ಟೋಪಿಯೂ ಕ್ರೋಶಾವೇ. ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಇದರಲ್ಲಿ ದೊಡ್ಡವರು ಮೈಮೇಲೆ ತೊಡುವ ಬಟ್ಟೆ ಇಲ್ಲವೇ ಇಲ್ಲ. ಮನೆಯಲ್ಲಿ ಹೆಣೆದ ಸ್ವೆಟರ್ ಇತ್ತು, ನಿಜ, ಅದು ಹೆಚ್ಚಾಗಿ ಶಾಲೆಗೆ ಹೋಗುವ ಮಕ್ಕಳಿಗೆ. ಲೂಧಿಯಾನದ ಯಂತ್ರದ ಸ್ವೆಟರ್‌ಗಳು ಚಳಿಗಾಲದ ಅಂಗಡಿಗಳಲ್ಲಿ ಸಿಗತೊಡಗಿದ ಮೇಲೆ ಅದೂ ನಿಂತಿತು. ಉಳಿದದ್ದು ಚಪ್ಪಟೆ ವಸ್ತುಗಳು ಮತ್ತು ಟೋಪಿ. ಟೇಬಲ್ ಹೊದಿಕೆ ಎರಡು ಇಂಚು ದೊಡ್ಡದಾದರೆ ಕೇಳುವವರಿಲ್ಲ. ಕುರ್ತಿಯ ಮೇಲೆ ಹಾಕುವ ಜಾಕೆಟ್ ಎರಡು ಇಂಚು ಸಣ್ಣದಾದರೆ ದುಡ್ಡು ವಾಪಸ್.

ಅಂದರೆ ಅಜ್ಜಿಯ ಕಾಲದ್ದು ಮರಳಿ ಬಂತು ಎನ್ನುವ ಮಾತು ಅರ್ಧ ಮಾತ್ರ ಸರಿ. ಕೈಗೆ ಕುಣಿಕೆ ಗೊತ್ತಿದೆ. ಮೈಗೆ ಕೂರಿಸುವ ಅಳತೆ ಈ ಭಾಗದಲ್ಲಿ ಪರಂಪರೆಯಾಗಿ ಬಂದದ್ದಲ್ಲ, ಅದನ್ನು ಹೊಸದಾಗಿಯೇ ಕಲಿಯಬೇಕು. ಈಗ ಆರ್ಡರ್ ತೆಗೆದುಕೊಳ್ಳುವವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಇದರ ಮೇಲೆ ಬಿಸಿಲಿನದೊಂದು, ಕೂಲಿಯದೊಂದು ಪ್ರಶ್ನೆ.

ಅಸಲಿಯೋ ನಕಲಿಯೋ

ಕೊಳ್ಳುವವರಿಗೆ ಮೊದಲು ಬೇಕಾದದ್ದು ಇದು. ಬಟ್ಟೆಯನ್ನು ತಿರುಗಿಸಿ ಒಳಮೈ ನೋಡಬೇಕು. ಕೈಯಿಂದ ಮಾಡಿದ ಚೌಕದ ನಡುವೆ ಒಂದು ಪುಟ್ಟ ಉಂಗುರ ಇರುತ್ತದೆ, ಹೆಣಿಗೆ ಶುರುವಾದದ್ದು ಅಲ್ಲಿಂದ. ಬಣ್ಣ ಬದಲಾದಲ್ಲೆಲ್ಲ ದಾರದ ಬಾಲವನ್ನು ಸೂಜಿಯಿಂದ ಒಳಗೆ ಹೊಲಿದ ಗುರುತು ಸಿಗುತ್ತದೆ, ಅಲ್ಲಿ ಬಟ್ಟೆ ಕೊಂಚ ದಪ್ಪ. ಪ್ರತಿ ಸುತ್ತಿನ ಅಂಚಿನಲ್ಲಿ ಒಂದರ ಪಕ್ಕ ಒಂದು ಮಲಗಿದ ಜಡೆಯ ಸಾಲು ಕಾಣುತ್ತದೆ. ಯಂತ್ರದ ನಕಲಿನಲ್ಲಿ ಉಂಗುರ ಇರುವುದಿಲ್ಲ. ಹಿಂಬದಿಯಲ್ಲಿ ಮೇಲಿಂದ ಕೆಳಗೆ ನೇರ ಸರಪಳಿ ಗೆರೆಗಳು ಓಡುತ್ತವೆ, ಚೌಕದ ಬಣ್ಣಗಳು ಜೋಡಣೆಯಿಂದ ಬಂದಿರದೆ ಬಟ್ಟೆಯಲ್ಲೇ ಕೂತಿರುತ್ತವೆ, ಅಂಚನ್ನು ಕತ್ತರಿಸಿ, ಎಳೆ ಬಿಚ್ಚದಂತೆ ಯಂತ್ರದಲ್ಲಿ ಸುತ್ತಿ ಹೊಲಿಯುವ ಓವರ್‌ಲಾಕ್ ಹಾಕಿರುತ್ತಾರೆ. ಕತ್ತರಿ ಬಿದ್ದ ಅಂಚು ಕಂಡರೆ ಅದು ಕೈಕೆಲಸವಲ್ಲ ಎಂದೇ ತಿಳಿಯಿರಿ.

ಹಳೆಯ ಟ್ರಂಕಿನಿಂದ ಸ್ವೆಟರ್ ತೆಗೆದು ಬಿಚ್ಚಿ ಹೊಸದಾಗಿ ಹೆಣೆಯಬೇಕೆನ್ನುವವರಿಗೂ ಇದೇ ಪರೀಕ್ಷೆ. ಪಕ್ಕದ ಹೊಲಿಗೆ ಓವರ್‌ಲಾಕ್ ಆಗಿದ್ದರೆ ಅದನ್ನು ತಾನುಬಟ್ಟೆಯಿಂದ ಕತ್ತರಿಸಿ ಹೊಲಿದಿದ್ದಾರೆ ಎಂದರ್ಥ. ಬಿಚ್ಚಿದರೆ ಸಾಲಿಗೊಂದು ತುಂಡು ದಾರ ಕೈಗೆ ಬರುತ್ತದೆ, ಏನಕ್ಕೂ ಆಗದು. ಕೈಹೆಣಿಗೆಯದಾದರೆ ಕುತ್ತಿಗೆಯ ಕೊನೆಯ ಗಂಟು ಹುಡುಕಿ ಎಳೆದರೆ ಸಾಲು ಸಾಲಾಗಿ ಬಿಚ್ಚುತ್ತದೆ. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ನೆರಳಲ್ಲಿ ತೂಗುಹಾಕಬೇಕು. ಗುಂಗುರು ಇಳಿಯದೆ ಹೆಣೆದರೆ ಕುಣಿಕೆಗಳು ಒಂದೊಂದು ಅಳತೆಗೆ ಕೂರುತ್ತವೆ.

ಯಾವ ದಾರ, ಯಾವ ಕಾಲಕ್ಕೆ

ಈ ಭಾಗದ ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ಕೊಡುವುದು ಬಹುತೇಕ ಅಕ್ರಿಲಿಕ್ ಎಂಬ ಸಿಂಥೆಟಿಕ್ ದಾರ. ಅದರಲ್ಲಿ ಉಣ್ಣೆಯ ಎಳೆಯೂ ಇರುವುದಿಲ್ಲ. ಬಣ್ಣ ಗಾಢ, ಬೆಲೆ ಕಡಿಮೆ, ತೊಳೆಯಲು ಸಲೀಸು, ನುಸಿ ಮುಟ್ಟುವುದಿಲ್ಲ. ಒಂದೇ ತೊಡಕು, ಅದು ಬೆವರು ಕುಡಿಯುವುದಿಲ್ಲ. ಸಾಧಾರಣ ಹವೆಯಲ್ಲಿ ಇಟ್ಟ 100 ಗ್ರಾಂ ಉಣ್ಣೆ ಸುಮಾರು 16 ಗ್ರಾಂ ತೇವ ಹಿಡಿದುಕೊಳ್ಳುತ್ತದೆ, ಹತ್ತಿ 8 ಗ್ರಾಂ, ಅಕ್ರಿಲಿಕ್ ಹೆಚ್ಚೆಂದರೆ 2 ಗ್ರಾಂ. ಏಪ್ರಿಲ್–ಮೇನಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಅಕ್ರಿಲಿಕ್ ಟಾಪ್ ತೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಈ ಅಂಕಿಗಳ ಅರ್ಥ ಬೆನ್ನಿಗೆ ಗೊತ್ತಾಗುತ್ತದೆ. ರೀಲ್ಸ್‌ನಲ್ಲಿ ಕಾಣುವ ದಪ್ಪ ಕಾರ್ಡಿಗನ್ ತಂಪು ದೇಶದವರ ಉಡುಪು. ನಮ್ಮಲ್ಲಿ ಅದಕ್ಕೆ ಕೆಲಸ ಇರುವುದು ಡಿಸೆಂಬರ್, ಜನವರಿ ಎರಡೇ ತಿಂಗಳು, ಅದೂ ಹೆಚ್ಚಾಗಿ ಬೀದರ್ ಕಡೆ. 600 ಮೀಟರಿಗೂ ಎತ್ತರದ ಆ ಪ್ರಸ್ಥಭೂಮಿಯಲ್ಲಿ ರಾತ್ರಿಯ ತಾಪ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ.

ಅಕ್ರಿಲಿಕ್‌ಗೆ ಇನ್ನೊಂದು ಅಪಾಯವಿದೆ, ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಬಾಣಂತಿಗೂ ಕೂಸಿಗೂ ಅಗ್ಗಿಷ್ಟಿಗೆಯಲ್ಲಿ ಕೆಂಡ ಹಾಕಿ ಕಾಯಿಸುವ ಮನೆಗಳಲ್ಲಿ ಅಕ್ರಿಲಿಕ್ ಸ್ಕಾರ್ಫ್, ಅಕ್ರಿಲಿಕ್ ಕುಲಾವಿ ಎರಡೂ ಕೆಂಡದಿಂದ ದೂರ ಇರಬೇಕು. ದಾರ ಯಾವುದು ಎಂದು ತಿಳಿಯದಿದ್ದರೆ ಎರಡಿಂಚು ತುಂಡನ್ನು ಚಿಮಟದಲ್ಲಿ ಹಿಡಿದು ಮನೆ ಹೊರಗೆ ಬೆಂಕಿಕಡ್ಡಿ ಗೀರಿ ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದದ ವಾಸನೆ, ಹಗುರ ಬೂದಿಯಾದರೆ ಹತ್ತಿ. ಕರಗಿ ಕಪ್ಪು ಗಟ್ಟಿ ಮಣಿಯಾದರೆ ಅಕ್ರಿಲಿಕ್ಕೋ ಮತ್ತೊಂದು ಸಿಂಥೆಟಿಕ್ಕೋ.

ಹಾಗಾದರೆ ನಮ್ಮದೇ ಕುರಿಯ ಉಣ್ಣೆ? ಡೆಕ್ಕನಿ ಕುರಿ ಈ ನಾಡಿನದೇ, ಕಂಬಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಂಬಳಿ ನೇಯ್ಗೆ. ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ದಾರ, ಹೊದೆಯಲು ಮಾಡಿದ್ದು. ಮೈಗೆ ತಾಗುವ ಉಣ್ಣೆಯ ಎಳೆಯ ದಪ್ಪ 30 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಾಟಿತೆಂದರೆ ಚರ್ಮಕ್ಕೆ ಚುಚ್ಚುತ್ತದೆ, ಡೆಕ್ಕನಿ ಉಣ್ಣೆ ಒರಟು ಜಾತಿಯದು. ಮೆರಿನೊ ಎನ್ನುವ ನಯವಾದ ಕುರಿ ಉಣ್ಣೆಯ ಎಳೆ 24 ಮೈಕ್ರಾನ್‌ಗೂ ತೆಳು. ಕೈಯಿಂದ ನೂತ ಕಂಬಳಿ ದಾರ ಸಿಕ್ಕರೆ ಅದರಲ್ಲಿ ಕೈಚೀಲ, ಕೂರುವ ಆಸನ ಹೆಣೆಯಬಹುದು. 6 ಮಿ.ಮೀ ಕೊಕ್ಕೆಗಿಂತ ಸಣ್ಣದು ತೆಗೆದುಕೊಂಡರೆ ಕೈ ನೋಯುತ್ತದೆ. ಸ್ವೆಟರ್ ಮಾಡಲು ಹೋಗುವುದು ವ್ಯರ್ಥ.

ಉಳಿದದ್ದು ಹತ್ತಿ. ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ ಬೆಳೆಯುತ್ತದೆ, ಹೆಣಿಗೆಯ ದಾರದ ಉಂಡೆ ಮಾತ್ರ ಹೊರಗಿನಿಂದಲೇ ಬರಬೇಕು. ಹತ್ತಿಗೂ ಅದರದೇ ಗುಣದೋಷ ಇವೆ. ಅದಕ್ಕೆ ಉಣ್ಣೆಯ ಹಾಗೆ ಎಳೆದು ಬಿಟ್ಟರೆ ಹಿಂದಕ್ಕೆ ಬರುವ ಗುಣವಿಲ್ಲ. 400 ಗ್ರಾಂ ಟಾಪನ್ನು ಒದ್ದೆಯಾಗಿ ತಂತಿಗೆ ಹಾಕಿದರೆ ತನ್ನ ಭಾರಕ್ಕೆ ತಾನೇ ಜೋತು ಉದ್ದವಾಗುತ್ತದೆ, ಅಗಲ ಕುಗ್ಗುತ್ತದೆ. ಹೀಗಾಗಿ ಹೆಣೆಯುವ ಮುಂಚೆಯೇ ಮಾಡಬೇಕಾದ ಕೆಲಸವೊಂದಿದೆ: 15 ಸೆಂ.ಮೀ ಚೌಕದ ಮಾದರಿ ತುಂಡು ಹೆಣೆದು, ತೊಳೆದು, ಒಣಗಿಸಿ, ಕೆಳಗಿನ ಅಂಚಿಗೆ ನಾಲ್ಕು ಬಟ್ಟೆ ಕ್ಲಿಪ್ ಸಿಕ್ಕಿಸಿ ಒಂದು ರಾತ್ರಿ ತೂಗುಬಿಡುವುದು. ಬೆಳಿಗ್ಗೆ ಅದು 16 ಸೆಂ.ಮೀ ಆಗಿದ್ದರೆ ನಿಮ್ಮ ಟಾಪ್ ಕೂಡ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 50 ಸೆಂ.ಮೀ ಉದ್ದ ಬೇಕಿದ್ದರೆ 47ಕ್ಕೆ ನಿಲ್ಲಿಸಿ. ಭುಜದ ಹೊಲಿಗೆಗೆ ಒಳಗಿನಿಂದ ತೆಳು ಹತ್ತಿ ಪಟ್ಟಿ ಕೊಟ್ಟರೆ ಜೋಲುವುದು ಕಡಿಮೆಯಾಗುತ್ತದೆ. ಒಣಗಿಸುವುದು ಚಾಪೆಯ ಮೇಲೆ, ಹರವಿ. ಇಡುವುದು ಮಡಚಿ, ಹ್ಯಾಂಗರಿಗೆ ಹಾಕಬಾರದು.

ಇಸ್ತ್ರಿಯ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಹತ್ತಿಗೆ ನಡೆಯುತ್ತದೆ. ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ಎಳೆ ಸತ್ತು ಬಟ್ಟೆ ಜೋಲುಬೀಳುತ್ತದೆ, ಮತ್ತೆ ಸರಿಹೋಗುವುದಿಲ್ಲ. ಉಣ್ಣೆಯನ್ನು ಬಿಸಿನೀರಲ್ಲಿ ಹಾಕಿ ಉಜ್ಜಿದರೆ ಗಂಟುಕಟ್ಟಿ ಮಗುವಿನ ಅಳತೆಗೆ ಬಂದು ನಿಲ್ಲುತ್ತದೆ.

ನಂಬರಿನ ಗೊಂದಲ

ಈಗ ಕಲಿಯುವವರಿಗೆ ಗುರು ಯೂಟ್ಯೂಬ್, ಕಡ್ಡಿ ಮಾತ್ರ ಊರಿನದು. ಎರಡರ ನಂಬರು ಒಂದಕ್ಕೊಂದು ತಿರುಗುಮುರುಗು. ನಮ್ಮ ಹಿರಿಯರು ಹೇಳುವ 8 ನಂಬರ್, 10 ನಂಬರ್, 12 ನಂಬರ್ ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ, 10 ಅಂದರೆ 3.25, 12 ಅಂದರೆ 2.75. ಅಮೆರಿಕದ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ದಪ್ಪ, ಅಲ್ಲಿಯ 8 ಅಂದರೆ 5 ಮಿ.ಮೀ.

ವಿಡಿಯೊದಲ್ಲಿ ‘8 ನಂಬರ್ ಕಡ್ಡಿ, 180 ಕುಣಿಕೆ, ಎದೆ ಸುತ್ತಳತೆ 100 ಸೆಂ.ಮೀ’ ಎಂದಿದೆ ಎನ್ನಿ. ಅವರ 5 ಮಿ.ಮೀ ಕಡ್ಡಿಯಲ್ಲಿ 10 ಸೆಂ.ಮೀಗೆ 18 ಕುಣಿಕೆ ಬೀಳುತ್ತವೆ, ಲೆಕ್ಕ ಸರಿ. ನೀವು ಮನೆಯಲ್ಲಿದ್ದ 8 ನಂಬರ್ ಕಡ್ಡಿ ಹಿಡಿದು ಅದಕ್ಕೆ ಹೊಂದುವ ದಾರದಲ್ಲಿ ಹೆಣೆದರೆ 10 ಸೆಂ.ಮೀಗೆ 22 ಕುಣಿಕೆ ಕೂರುತ್ತವೆ. 180 ಕುಣಿಕೆಗೆ ಆಗುವುದು 82 ಸೆಂ.ಮೀ. ದೊಡ್ಡವರಿಗೆಂದು ಶುರು ಮಾಡಿದ್ದು ಹೈಸ್ಕೂಲ್ ಹುಡುಗಿಗೆ ಹೋಗುತ್ತದೆ. ಕೈ ಬಿಗಿ, ದಾರ ಸರಿಯಿಲ್ಲ ಎಂದು ತಮ್ಮನ್ನು ತಾವೇ ಬೈದುಕೊಳ್ಳುವವರಲ್ಲಿ ಎಷ್ಟೋ ಜನ ಎಡವಿರುವುದು ಈ ನಂಬರಿಗೆ. ಮಿಲಿಮೀಟರ್ ಬಿಟ್ಟು ಬೇರೆ ಯಾವ ನಂಬರನ್ನೂ ನಂಬಬೇಡಿ.

ಕ್ರೋಶಾದಲ್ಲಿ ಇದೇ ಗೊಂದಲ ಹೆಸರಿನದು. ಬ್ರಿಟಿಷರ ‘ಡಬಲ್ ಕ್ರೋಶೆ’ ಗಿಡ್ಡ ಹೆಣಿಗೆ, ಅಮೆರಿಕದವರ ‘ಡಬಲ್ ಕ್ರೋಶೆ’ ಎತ್ತರದ ಕಂಬ. ಹಳೆಯ ಪುಸ್ತಕ ಬ್ರಿಟಿಷರದು, ವಿಡಿಯೊ ಬಹುಪಾಲು ಅಮೆರಿಕದ ಭಾಷೆ. ಗುರುತಿಸುವುದು ಸುಲಭ: ಸೂಚನೆಯಲ್ಲಿ ಎಲ್ಲಾದರೂ ‘ಸಿಂಗಲ್ ಕ್ರೋಶೆ’ ಎಂದಿದ್ದರೆ ಅದು ಬಹುತೇಕ ಅಮೆರಿಕದ್ದು, ಈಗಿನ ಬ್ರಿಟಿಷ್ ಕ್ರಮದಲ್ಲಿ ಆ ಹೆಸರೇ ಇಲ್ಲ.

ಮಾದರಿ ತುಂಡಿನಲ್ಲಿ ಅಳೆಯುವಾಗ ಅಂಚು ಬಿಟ್ಟು ನಡುವಿನ 10 ಸೆಂ.ಮೀ ಮಾತ್ರ ಅಳೆಯಬೇಕು, ಅಂಚಿನ ಕುಣಿಕೆಗಳು ಯಾವಾಗಲೂ ಸುಳ್ಳು ಹೇಳುತ್ತವೆ. 20 ಬೇಕಾದಲ್ಲಿ 22 ಬಂದರೆ 100 ಸೆಂ.ಮೀ ಉಡುಪು 91ಕ್ಕೆ ಇಳಿಯುತ್ತದೆ. ಕಡ್ಡಿಯನ್ನು ಅರ್ಧ ಮಿ.ಮೀ ದಪ್ಪ ಮಾಡಿ ಇನ್ನೊಂದು ತುಂಡು ಹೆಣೆಯಿರಿ, ಕೈ ಸಡಿಲ ಮಾಡಿಕೊಂಡು ಸರಿದೂಗಿಸಲು ಹೋಗಬೇಡಿ; ನಾಲ್ಕು ಸಾಲು ದಾಟಿದ ಮೇಲೆ ಕೈ ತನ್ನ ಹಳೆಯ ಬಿಗಿಗೇ ಹೋಗುತ್ತದೆ. ಸ್ವೆಟರಿನ ಕುತ್ತಿಗೆ ಮುಗಿಸುವಾಗ ಮಾತ್ರ ಒಂದು ಅಳತೆ ದಪ್ಪ ಕಡ್ಡಿಯಲ್ಲಿ ಕುಣಿಕೆ ಮುಚ್ಚಬೇಕು, ಇಲ್ಲವಾದರೆ ಎಲ್ಲ ಸರಿಯಾಗಿದ್ದೂ ತಲೆ ತೂರುವುದಿಲ್ಲ.

ಕುಲಾವಿಯ ಗಣಿತ

ಅಳತೆ ಕಲಿಯಲು ಟೋಪಿಗಿಂತ ಒಳ್ಳೆಯ ಶಾಲೆ ಇಲ್ಲ, ಈ ಭಾಗದಲ್ಲಿ ಅದಕ್ಕೆ ಗಿರಾಕಿಯೂ ಇದ್ದಾರೆ. ಕೂಸಿನ ಕುಲಾವಿಯಿರಲಿ, ಖ್ವಾಜಾ ಬಂದೇ ನವಾಜ್ ದರ್ಗಾಕ್ಕೆ ಹೋಗುವವರು ಹಾಕುವ ಜಾಲಿ ಟೋಪಿಯಿರಲಿ, ಗಣಿತ ಒಂದೇ.

ತಲೆಯ ಸುತ್ತಳತೆ ತೆಗೆದುಕೊಳ್ಳಿ. ಹುಟ್ಟಿದ ಕೂಸಿಗೆ ಸುಮಾರು 35 ಸೆಂ.ಮೀ, ಆರು ತಿಂಗಳಿಗೆ 43, ವರ್ಷಕ್ಕೆ 46. ಹೆಣಿಗೆ ಹಿಗ್ಗುವುದರಿಂದ ಅದರಲ್ಲಿ 2–3 ಸೆಂ.ಮೀ ಕಳೆಯಿರಿ. ಉಳಿದದ್ದನ್ನು 3.14ರಿಂದ ಭಾಗಿಸಿದರೆ ನೆತ್ತಿಯ ವೃತ್ತದ ಅಡ್ಡಳತೆ ಬರುತ್ತದೆ. ಆರು ತಿಂಗಳ ಕೂಸಿಗೆ 40 ಭಾಗಿಸು 3.14, ಹತ್ತಿರಹತ್ತಿರ 12.7 ಸೆಂ.ಮೀ. 56 ಸೆಂ.ಮೀ ತಲೆಯ ದೊಡ್ಡವರಿಗೆ 2 ಕಳೆದು 54, ವೃತ್ತ 17 ಸೆಂ.ಮೀ.

ವೃತ್ತ ಹೆಣೆಯುವ ನಿಯಮ: ಗಿಡ್ಡ ಹೆಣಿಗೆಯಾದರೆ 6 ಕುಣಿಕೆಯಿಂದ ಶುರು, ಪ್ರತಿ ಸುತ್ತಿಗೆ 6 ಹೆಚ್ಚು, ಅಂದರೆ 6, 12, 18, 24. ಎತ್ತರದ ಕಂಬವಾದರೆ 12ರಿಂದ ಶುರು, ಪ್ರತಿ ಸುತ್ತಿಗೆ 12 ಹೆಚ್ಚು. ವೃತ್ತ ಬೇಕಾದ ಅಡ್ಡಳತೆ ಮುಟ್ಟಿದ ಕೂಡಲೇ ಹೆಚ್ಚಿಸುವುದು ನಿಲ್ಲಬೇಕು, ಆಮೇಲೆ ಗೋಡೆ. ಆರು ತಿಂಗಳ ಕುಲಾವಿಗೆ ನೆತ್ತಿಯಿಂದ ಅಂಚಿನವರೆಗೆ 16 ಸೆಂ.ಮೀ ಸಾಕು. ಒಂದಕ್ಕೆ 40–50 ಗ್ರಾಂ ದಾರ, 3.5 ಮಿ.ಮೀ ಕೊಕ್ಕೆ.

ಕೆಡುವುದು ಎರಡು ರೀತಿಯಲ್ಲಿ. ಅಂಚು ಕರಿದ ಹಪ್ಪಳದಂತೆ ಅಲೆಅಲೆಯಾದರೆ ಕುಣಿಕೆ ಹೆಚ್ಚಾಗಿವೆ: ಯಾವುದೋ ಸುತ್ತಿನಲ್ಲಿ ಒಂದೇ ಜಾಗಕ್ಕೆ ಎರಡು ಬಾರಿ ಹೆಚ್ಚಿಸಿದ್ದೀರಿ, ಇಲ್ಲವೇ ಸುತ್ತು ಕೂಡಿಸುವ ಜಾಗದ ಕುಣಿಕೆಯನ್ನೂ ಎಣಿಸಿದ್ದೀರಿ. ನೆತ್ತಿಯೇ ಬಟ್ಟಲಿನಂತೆ ಮುಚ್ಚಿಕೊಂಡರೆ ಕುಣಿಕೆ ಕಡಿಮೆ, ಅಥವಾ ಕೊಕ್ಕೆ ದಾರಕ್ಕೆ ಸಣ್ಣದು. ಪ್ರತಿ ಸುತ್ತಿನ ಮೊದಲ ಕುಣಿಕೆಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿಟ್ಟರೆ ಎಣಿಕೆ ತಪ್ಪುವುದಿಲ್ಲ. ಹೆಚ್ಚಿಸುವ ಜಾಗವನ್ನು ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಇಟ್ಟರೆ ವೃತ್ತ ಆರು ಮೂಲೆಯದಾಗುತ್ತದೆ. ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸರಿಸಬೇಕು.

ಕೂಸಿನ ವಸ್ತುಗಳಿಗೆ ಜಾಳಿಗೆ ವಿನ್ಯಾಸ ಬೇಡವೇ ಬೇಡ. ತೂತಿನಲ್ಲಿ ಬೆರಳು ಸಿಕ್ಕುತ್ತದೆ, ಕಾಲುಚೀಲದ ಒಳಗೆ ಬಿಟ್ಟ ಸಡಿಲ ದಾರ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಟ ನಿಲ್ಲಿಸಿದರೆ ಕೂಸು ಯಾಕೆ ಅಳುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಗದ್ದದ ಕೆಳಗೆ ಕಟ್ಟುವ ಉದ್ದ ದಾರ, ಹೊಲಿದ ಮಣಿ, ಗುಂಡಿ ಇವುಗಳನ್ನೂ ಬಿಡಬೇಕು. ಮನೆಯೊಳಗೆ ಮಲಗಿದ ಕೂಸಿನ ತಲೆಗೆ ಟೋಪಿ ಹಾಕಬಾರದು, ನಮ್ಮ ಕಡೆಯ ಸೆಕೆಯಲ್ಲಿ ಇನ್ನೂ ಬೇಡ.

ಒಂದು ಜಾಕೆಟ್, ಇಪ್ಪತ್ತೈದು ಗಂಟೆ

ಈಗ ಎಲ್ಲರೂ ಕೇಳುವ ಚೌಕದ ಜಾಕೆಟ್ ತೆಗೆದುಕೊಳ್ಳಿ. 12 ಸೆಂ.ಮೀ ಚೌಕ, 96 ಸೆಂ.ಮೀ ಎದೆ. ಸುತ್ತಲೂ 8, ಎತ್ತರಕ್ಕೆ 4, ಮೈಗೆ 32 ಚೌಕ. ತೋಳಿಗೆ 9ರಂತೆ 18. ಒಟ್ಟು 50. ಚೌಕಕ್ಕೆ 8 ಗ್ರಾಂ ಹತ್ತಿಯಂತೆ 400 ಗ್ರಾಂ, ಜೋಡಣೆ ಮತ್ತು ಅಂಚಿಗೆ 80 ಗ್ರಾಂ. 100 ಗ್ರಾಂ ಉಂಡೆ ಐದು ಬೇಕು. ಒಂದೇ ಬಣ್ಣದ ಉಂಡೆಗಳಾದರೆ ಲೇಬಲ್ ಮೇಲಿನ ಡೈ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ದಾರದ ಗುರುತು) ಎಲ್ಲದರಲ್ಲೂ ಒಂದೇ ಇದೆಯೇ ನೋಡಿ ಒಂದೇ ಸಲ ಕೊಳ್ಳಿ. ಮುಂದಿನ ತಿಂಗಳು ಬರುವ ‘ಅದೇ ಬಿಳಿ’ ಅದೇ ಬಿಳಿ ಆಗಿರುವುದಿಲ್ಲ.

ಸಮಯ ನೋಡಿ. ಪಳಗಿದ ಕೈಗೆ ಚೌಕಕ್ಕೆ 20 ನಿಮಿಷ, 50ಕ್ಕೆ 16 ಗಂಟೆ 40 ನಿಮಿಷ. ನಾಲ್ಕು ಬಣ್ಣದ ಚೌಕಕ್ಕೆ ಎಂಟು ಬಾಲ, 50 ಚೌಕಕ್ಕೆ 400 ಬಾಲ. ಒಂದಕ್ಕೆ ಅರ್ಧ ನಿಮಿಷವೆಂದರೂ ಸೂಜಿ ಹಿಡಿದು 3 ಗಂಟೆ 20 ನಿಮಿಷ. ದರ ಹೇಳುವಾಗ ಬಹುತೇಕರು ಮರೆಯುವುದು ಈ ಬಾಲಗಳನ್ನು. ಜೋಡಣೆ 3 ಗಂಟೆ, ಗುಂಡಿಪಟ್ಟಿ ಮತ್ತು ಅಂಚು 2 ಗಂಟೆ. ಎಲ್ಲ ಸೇರಿ 25 ಗಂಟೆ.

2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. ಮಣ್ಣು ಅಗೆಯುವ ಈ ಕೂಲಿಯನ್ನೇ ಹಿಡಿದರೂ ಹೆಣಿಗೆಯ ಕೂಲಿ 1,150 ರೂಪಾಯಿ ದಾಟುತ್ತದೆ. ದಾರ 100 ಗ್ರಾಂಗೆ 120 ರೂಪಾಯಿ ಎಂದರೆ 600. ಅಲ್ಲಿಗೆ ಸುಮಾರು 1,750. ಇದರಲ್ಲಿ ಲಾಭವಿಲ್ಲ, ಮಾದರಿ ತುಂಡಿನ ಸಮಯವಿಲ್ಲ, ಬಿಚ್ಚಿ ಮತ್ತೆ ಹೆಣೆದದ್ದು ಇಲ್ಲ. ಬೆಂಗಳೂರಿನ ಅಂಗಡಿಯವರು ಶೇ 30 ಕಮಿಷನ್ ಕೇಳಿದರೆ 1,750 ಕೈಗೆ ಬರಲು ಬೆಲೆ 2,500 ಇರಬೇಕು. ಗೆಳತಿಗೆಂದು 700ಕ್ಕೆ ಹೆಣೆದುಕೊಟ್ಟರೆ ದಾರ ಕಳೆದು ಉಳಿಯುವುದು 100 ರೂಪಾಯಿ, ಗಂಟೆಗೆ 4.

‘ಮನೆಯಲ್ಲಿ ಕೂತು ಮಾಡುವ ಕೆಲಸ ತಾನೇ’ ಎನ್ನುವ ಮಾತು ಈ ಕಸುಬಿನ ಹಳೆಯ ಶತ್ರು. ಐರ್ಲೆಂಡಿನಲ್ಲಿ 1845ರ ಬರಗಾಲದ ಹೊತ್ತಿಗೆ ಬಡವರ ಹೊಟ್ಟೆಪಾಡಿಗೆಂದು ಕ್ರೋಶಾ ಹಬ್ಬಿತು, ಮಿಷನರಿಗಳ ಶಾಲೆಗಳಿಂದ ನಮ್ಮ ದೇಶಕ್ಕೂ ಬಂತು. ಪಕ್ಕದ ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಸಿಕ್ಕಿದೆ. ಆದರೆ ಅಲ್ಲಿ ತಲೆಮಾರುಗಳಿಂದ ನಡೆದದ್ದು ಹೆಂಗಸರು ಮನೆಯಲ್ಲಿ ತುಂಡಿನ ಕೂಲಿಗೆ ಹೆಣೆಯುವುದು, ವರ್ತಕರು ಮಾರುವುದು. ಸ್ತ್ರೀಶಕ್ತಿ ಸಂಘಗಳಿಗೆ ಕ್ರೋಶಾ ತರಬೇತಿ ಕೊಡಿಸಬೇಕು ಎನ್ನುವವರು ಮೊದಲು ಈ ಲೆಕ್ಕವನ್ನು ಮಂಡಿಸಲಿ. ಕುಣಿಕೆ ಹಾಕುವುದನ್ನು ಹದಿನೈದು ದಿನದಲ್ಲಿ ಕಲಿಸಬಹುದು, ದರ ಹೇಳುವುದನ್ನು ಕಲಿಸದಿದ್ದರೆ ಆ ತರಬೇತಿಯಿಂದ ಅಗ್ಗದ ಕೈಗಳು ಹೆಚ್ಚುತ್ತವೆ ಅಷ್ಟೆ. ದೇಶದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಒಂದು ಕಲಬುರಗಿಗೆ ಎಂದು 2023ರ ಮಾರ್ಚ್‌ನಲ್ಲಿ ಘೋಷಣೆಯಾಯಿತು, 1,000 ಎಕರೆಯ ಯೋಜನೆ ಅದು. ಅಲ್ಲಿಯದು ಯಂತ್ರದ ಲೋಕ, ಕೈಹೆಣಿಗೆಗೆ ಅಲ್ಲಿ ಜಾಗ ಹುಡುಕುವುದು ಸರಿಯಲ್ಲ. ಒಳ್ಳೆಯ ಹತ್ತಿ ದಾರ ಊರಲ್ಲೇ ಸಗಟು ದರಕ್ಕೆ ಸಿಗುವಂತಾದರೆ ಅದೇ ದೊಡ್ಡ ಉಪಕಾರ.

ಇಲ್ಲಿ ನಡೆಯುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ಈ ಅಂಕಿಗಳಲ್ಲೇ ಇದೆ. ಇಡೀ ಜಾಕೆಟ್ ಕಲಬುರಗಿ ಪೇಟೆಯಲ್ಲಿ 2,500ಕ್ಕೆ ಹೋಗುವುದು ಅಪರೂಪ. ಆರು ಗಂಟೆಯೊಳಗೆ ಮುಗಿಯುವ ವಸ್ತುಗಳು ಹೋಗುತ್ತವೆ: ಹತ್ತಿ ಕುಲಾವಿ, ಅಳತೆಗೆ ಹೆಣೆದ ಜಾಲಿ ಟೋಪಿ, ಕುರ್ತಿಯ ಕುತ್ತಿಗೆಗೆ, ದುಪಟ್ಟಾ ಅಂಚಿಗೆ ಹಾಕುವ ಪಟ್ಟಿ, ಹತ್ತಿ ಬಟ್ಟೆಯ ಬ್ಲೌಸಿಗೆ ಸೇರಿಸುವ ಕ್ರೋಶಾ ತೋಳು. ಮೈ ಬಟ್ಟೆಯದು, ತೋಳು ಮಾತ್ರ ಹೆಣಿಗೆ ಎನ್ನುವ ಈ ಮಿಶ್ರಣ ನಮ್ಮ ಬಿಸಿಲಿಗೂ ಹೊಂದುತ್ತದೆ, 25 ಗಂಟೆಯನ್ನು 6ಕ್ಕೆ ಇಳಿಸುತ್ತದೆ, ಅಳತೆಯ ಭಾರವನ್ನು ಊರಿನ ಟೇಲರ್ ಮೇಲೆ ಹಾಕುತ್ತದೆ. ಟೇಲರಿಗೆ ಹೇಳಬೇಕಾದ್ದು ಒಂದೇ: ಹೆಣಿಗೆಯನ್ನು ಎಳೆದು ಹೊಲಿಯಬಾರದು, ಬಟ್ಟೆಯ ಮೇಲೆ ಮೊದಲು ಟಾಚಾ (ಆಮೇಲೆ ತೆಗೆಯುವ ಸಡಿಲ ಹೊಲಿಗೆ) ಹಾಕಿ ಕೂರಿಸಿಕೊಂಡು ಹೊಲಿಯಬೇಕು. ಬಟ್ಟೆ ಹೊಸದಾಗಿದ್ದರೆ ಎರಡನ್ನೂ ಮೊದಲೇ ತೊಳೆದಿರಬೇಕು, ಇಲ್ಲವಾದರೆ ಮೊದಲ ಒಗೆತಕ್ಕೆ ಒಂದು ಕುಗ್ಗಿ ಇನ್ನೊಂದು ಸುಕ್ಕಾಗುತ್ತದೆ.

ಆರ್ಡರ್ ತೆಗೆದುಕೊಳ್ಳುವಾಗ ಫೋಟೊ ಸಾಲದು, ಸರಿಯಾಗಿ ಕೂರುವ ಹಳೆಯ ಕುರ್ತಿಯೊಂದನ್ನು ತರಿಸಿಕೊಂಡು ಅದನ್ನೇ ಅಳೆಯಿರಿ. ಮುಂಗಡವಾಗಿ ದಾರದ ಪೂರ್ತಿ ಹಣ ಮತ್ತು ಕೂಲಿಯ ಮೂರನೇ ಒಂದು ಪಾಲು. ಜೊತೆಗೆ ಹತ್ತು ಗ್ರಾಂ ಅದೇ ದಾರವನ್ನು ರಿಪೇರಿಗೆಂದು ಕೊಟ್ಟುಬಿಡಿ. ಎರಡು ಕಡ್ಡಿಯ ಹೆಣಿಗೆಯಲ್ಲಿ ಒಂದು ಕುಣಿಕೆ ಬಿಟ್ಟರೆ ಏಣಿಯ ಹಾಗೆ ಕೆಳತನಕ ಬಿಚ್ಚುತ್ತ ಹೋಗುತ್ತದೆ, ಕ್ರೋಶಾದಲ್ಲಿ ಹರಿದದ್ದು ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಎರಡಕ್ಕೂ ಅದೇ ದಾರ ಬೇಕು.

ಫೋಟೊದ ವಿಷಯದಲ್ಲಿ ಇನ್ನೊಂದು ಎಚ್ಚರ. ಈಗ ಓಡಾಡುವ ಕ್ರೋಶಾ ಚಿತ್ರಗಳಲ್ಲಿ ಎಷ್ಟೋ ಎಐ ಬರೆದವು, ಅಂಥ ಚಿತ್ರಗಳ ಜೊತೆ ಹೆಣೆಯುವ ವಿಧಾನವನ್ನೂ ಮಾರುತ್ತಾರೆ. ಚಿತ್ರವನ್ನು ದೊಡ್ಡದು ಮಾಡಿ ಒಂದು ಸಾಲನ್ನು ಬೆರಳಿಟ್ಟು ಹಿಂಬಾಲಿಸಿ. ಕುಣಿಕೆಗಳು ನಡುವೆ ಒಂದಕ್ಕೊಂದು ಕರಗಿಹೋದರೆ, ಎಡತೋಳಿನಲ್ಲಿ ಏಳು ಸಾಲು ಬಲತೋಳಿನಲ್ಲಿ ಒಂಬತ್ತು ಇದ್ದರೆ ಅಂಥದ್ದು ಯಾರ ಕೈಯಲ್ಲೂ ಹೆಣೆಯಲು ಬಾರದು. ವಿಧಾನವನ್ನು ಕೊಳ್ಳುವ ಮುನ್ನ ಪ್ರತಿ ಸುತ್ತಿನ ಕೊನೆಯಲ್ಲಿ ಒಟ್ಟು ಕುಣಿಕೆಯ ಸಂಖ್ಯೆ ಕೊಟ್ಟಿದೆಯೇ ನೋಡಿ, ಕೊಟ್ಟಿದ್ದರೆ ಮೊದಲ ಐದು ಸುತ್ತನ್ನು ಕಾಗದದ ಮೇಲೆ ಕೂಡಿಸಿ. ಅಲ್ಲಿ ಲೆಕ್ಕ ತಪ್ಪಿದರೆ ದುಡ್ಡು ಕೊಡಬೇಡಿ, ಆ ಆರ್ಡರನ್ನೂ ಒಪ್ಪಿಕೊಳ್ಳಬೇಡಿ.